ಮದ್ದಿನ ಅಲರ್ಜಿ, ವಂಶವಾಹಿ ಚರ್ಮರೋಗ ದಾಖಲೆ: ಕಾಸರಗೋಡಿನ ಮಳೆಗಾಲದ ಪ್ರಗತಿ

ಕೆಲಸದ ವ್ಯಾಪ್ತಿ ಮೊದಲಿನದ್ದೇ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನ ಕನ್ನಡ ಮನೆಗಳಿಂದ ಎರಡು ಬಗೆಯ ದಾಖಲೆ ಆಗಬೇಕು. ಒಂದು, ಮದ್ದು ತಾಗಿ ಚರ್ಮ ಸುಲಿಯುವ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ (ಎಸ್‌ಜೆಎಸ್), ಅದರ ಉಗ್ರ ರೂಪವಾದ ಟೆನ್, ಮತ್ತೆ ಒಳಾಂಗಕ್ಕೂ ಇಳಿಯುವ ಡ್ರೆಸ್. ಇನ್ನೊಂದು, ಹುಟ್ಟಿನಿಂದಲೇ ಬರುವ ಎಪಿಡರ್ಮೊಲೈಸಿಸ್ ಬುಲ್ಲೋಸ (ಇಬಿ; ಸ್ವಲ್ಪ ಉಜ್ಜಿದರೂ ಚರ್ಮ ಗುಳ್ಳೆಯೇಳುವ ರೋಗ) ಮತ್ತು ಚರ್ಮ ಒಣಗಿ ಹುರುಪೆಗಟ್ಟುವ ಇಕ್ತಿಯೋಸಿಸ್. ಜೀನ್ ಪರೀಕ್ಷೆ ಲ್ಯಾಬಿನಲ್ಲಿ ಆಗುತ್ತದೆ. ಈ ಟಿಪ್ಪಣಿ ಅದಕ್ಕಿಂತ ಮುಂಚಿನ ಹಂತದ್ದು; ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಮದ್ದಿನ ಕಾಲರೇಖೆ ಹಾಳೆ

ಹೊಸ ಹಾಳೆಯಲ್ಲಿ ಮೊದಲ ಪ್ರಶ್ನೆ "ಯಾವ ಮದ್ದಿನಿಂದ ಆಯಿತು?" ಅಲ್ಲ. ಅದನ್ನು ಕೇಳಿದರೆ ಎಲ್ಲರೂ ಕೊನೆಗೆ ನುಂಗಿದ ಮಾತ್ರೆಯನ್ನೇ ತೋರಿಸುತ್ತಾರೆ. ನಡೆಯುವುದು ಹೀಗೆ: ಅಪಸ್ಮಾರಕ್ಕೋ ಮುಖದ ನರದ ನೋವಿಗೋ ಕಾರ್ಬಮಜೆಪಿನ್ ಶುರುವಾಗಿ ಮೂರು ವಾರ ಆಗಿರುತ್ತದೆ. ಜ್ವರ, ಗಂಟಲುರಿ, ಕಣ್ಣುರಿ ಬರುತ್ತದೆ. ಅದಕ್ಕೆ ಪ್ಯಾರಸಿಟಮಾಲ್, ಅಮಾಕ್ಸಿಸಿಲಿನ್ ಕೊಡುತ್ತಾರೆ. ಎರಡು ದಿನದಲ್ಲಿ ಮೈಮೇಲೆ ಕಪ್ಪುಗೆಂಪು ಕಲೆ. ಅಪವಾದ ಅಮಾಕ್ಸಿಸಿಲಿನ್ ಮೇಲೆ, ಕಾರ್ಬಮಜೆಪಿನ್ ಮುಂದುವರಿಯುತ್ತದೆ. ಆ ಜ್ವರವೇ ರೋಗದ ಮೊದಲ ದಿನ. ಎಣಿಕೆ ಜ್ವರದ ದಿನದಿಂದ ಹಿಂದಕ್ಕೆ ಹೋಗಬೇಕು, ಚರ್ಮ ಸುಲಿದ ದಿನದಿಂದ ಅಲ್ಲ.

ಹಿಂದಕ್ಕೆ 8 ವಾರಗಳ ಪಟ್ಟಿ ಬೇಕು. ಎಸ್‌ಜೆಎಸ್ ಮತ್ತು ಟೆನ್‌ಗೆ ಸಾಮಾನ್ಯವಾಗಿ 4ರಿಂದ 28 ದಿನ, ಡ್ರೆಸ್‌ಗೆ 2ರಿಂದ 8 ವಾರ. ಕೀವುಗುಳ್ಳೆಗಳ ಎಜೆಪ್ ಆದರೆ ಕೆಲವೇ ದಿನ. ಯಾವ ಮದ್ದು ಕಾರಣವಿರಬಹುದು ಎಂದು ತೂಗುವ ಆಲ್ಡೆನ್ ಅಂಕಪದ್ಧತಿಯಲ್ಲಿ 5ರಿಂದ 28 ದಿನದ ಅಂತರಕ್ಕೆ +3, 29ರಿಂದ 56ಕ್ಕೆ +2, ರೋಗ ಶುರುವಾದ ದಿನ ಅಥವಾ ಆಮೇಲೆ ಕೊಟ್ಟ ಮದ್ದಿಗೆ −3. ಎಂಟು ದಿನ ಆಚೀಚೆಯಾದರೆ ಮದ್ದಿನ ಹಣೆಬರಹವೇ ಬದಲು.

ತಾರೀಕು ಕೇಳಿದರೆ ಸಿಗುವುದಿಲ್ಲ, ಹಬ್ಬ ಕೇಳಿದರೆ ಸಿಗುತ್ತದೆ. ಹಾಗಾಗಿ ಹಾಳೆಯ ಅಂಚಿನಲ್ಲಿ ಪತ್ತನಾಜೆ, ಚೌತಿ, ಓಣಂ, ದೀಪಾವಳಿ, ಕುಂಬಳೆ ಜಾತ್ರೆಯ ಬೆಡಿ ಅಚ್ಚಾಗಿವೆ. "ಪತ್ತನಾಜೆ ಕಳೆದು ಮರುವಾರ" ಎಂದರೆ ಜೂನ್ ಆರಂಭ ಎಂದು ಬರೆದುಕೊಳ್ಳಬಹುದು.

ಮದ್ದಿನ ಹೆಸರು ಇನ್ನೂ ದೊಡ್ಡ ತಲೆನೋವು. ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಐದು ಮಾತ್ರೆ ಕೊಟ್ಟರೆ ಹೆಸರು ಉಳಿದರ್ಧದಲ್ಲೇ ಹೋಗುತ್ತದೆ. ಮಂಗಳೂರಿನ ಚೀಟಿ ಇಂಗ್ಲಿಷಿನಲ್ಲಿ, ಇಲ್ಲಿನ ಕರಪತ್ರ ಮಲಯಾಳದಲ್ಲಿ, ಮನೆಯವರ ಲೆಕ್ಕ ಕನ್ನಡದಲ್ಲಿ. ಮೂರನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ಜೆನೆರಿಕ್ ಹೆಸರಿಗೆ ಇಳಿಸುವುದು ಒಂದೇ ದಾರಿ. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪುರಿನಾಲ್ ಅನ್ನು ಯಾರೂ ತಾವಾಗಿ ಹೇಳುವುದಿಲ್ಲ, "ಅದು ದಿನಾ ತೆಗೆದುಕೊಳ್ಳುವುದಲ್ಲವಾ" ಎನ್ನುತ್ತಾರೆ. ಹೆಸರು ಹಿಡಿದೇ ಕೇಳಬೇಕು.

ಫೋಟೊ ಮತ್ತು ಶೇಕಡ

ಜೂನ್‌ನಿಂದ ಅಂಗಳಕ್ಕೆ ನೀಲಿ ಟಾರ್ಪಾಲು ಕಟ್ಟಿರುತ್ತಾರೆ. ಅದರಡಿ ತೆಗೆದ ಫೋಟೊದಲ್ಲಿ ಮಾಮೂಲಿ ಕೆಂಪು ಗಂಧೆಯೂ ಕಪ್ಪಿಟ್ಟಂತೆ ಕಾಣುತ್ತದೆ. ಚರ್ಮ ಸಾಯುತ್ತಿದೆಯೋ ಎಂಬುದಕ್ಕೆ ಬಣ್ಣವೇ ಸುಳಿವಾಗಿರುವಾಗ ಇದು ಸಣ್ಣ ವಿಷಯವಲ್ಲ. ಈಗಿನ ನಿಯಮ: ಜಗಲಿಯ ತುದಿ, ಟಾರ್ಪಾಲಿನ ಹೊರಗಿನ ಬೆಳಕು, ಫ್ಲ್ಯಾಷ್ ಬೇಡ, ಚೌಕಟ್ಟಿನೊಳಗೆ ಬೂದು ಕಾರ್ಡಿನ ತುಂಡು ಮತ್ತು ಅಳತೆ ಪಟ್ಟಿ. ತುಟಿ, ಕಣ್ಣು ಪ್ರತ್ಯೇಕ.

ಶೇಕಡ ಲೆಕ್ಕದಲ್ಲಿ ಬೆರಳೂ ಸೇರಿದಂತೆ ರೋಗಿಯ ಅಂಗೈ ಸುಮಾರು 1%. ಎಣಿಸಬೇಕಾದ್ದು ಸುಲಿದದ್ದು ಮತ್ತು ಉಜ್ಜಿದರೆ ಸುಲಿಯುವಂಥದ್ದು ಮಾತ್ರ; ಬರೀ ಕೆಂಪು ಎಣಿಕೆಗಿಲ್ಲ. 10%ಕ್ಕಿಂತ ಕಡಿಮೆ ಎಸ್‌ಜೆಎಸ್, 30%ಕ್ಕಿಂತ ಹೆಚ್ಚು ಟೆನ್, ನಡುವಿನದ್ದು ಎರಡರ ಬೆರಕೆ. ಕೆಂಪನ್ನೂ ಸೇರಿಸಿದರೆ ಎಲ್ಲರೂ ಟೆನ್ ಆಗುತ್ತಾರೆ, ಸಾವಿನ ಅಪಾಯ ಅಳೆಯುವ ಸ್ಕಾರ್ಟೆನ್ ಅಂಕವೂ ಸುಳ್ಳಾಗಬಹುದು.

ರಕ್ತ, ಕೆನ್ನೆಯ ಸ್ವಾಬ್

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಮಿ.ಲೀ., 8–10 ಸಲ ನಿಧಾನಕ್ಕೆ ಮಗುಚುವುದು. ಹಸಿರು ಮುಚ್ಚಳದ್ದು ಬೇಡ, ಅದರ ಹೆಪಾರಿನ್ ಜೀನ್ ತುಣುಕನ್ನು ನಕಲು ಮಾಡುವ ಪಿಸಿಆರ್‌ಗೆ ಅಡ್ಡ. ಐಸ್‌ಪ್ಯಾಕ್ ಟ್ಯೂಬಿಗೆ ನೇರ ತಾಗಬಾರದು, ರಕ್ತಕಣ ಒಡೆಯುತ್ತದೆ. ನಡುವೆ ಬಟ್ಟೆಯ ಮಡಿಕೆ ಇರಲಿ. ರೋಗಿಗೆ ರಕ್ತ ಕೊಡುವ ಮೊದಲೇ ಮಾದರಿ ತೆಗೆಯಬೇಕು, ಇಲ್ಲವಾದರೆ ದಾನಿಯ ಬಿಳಿರಕ್ತಕಣವೂ ಸೇರಿಕೊಂಡೀತು.

ಬಾಯಿ ಹುಣ್ಣಾದವರಿಗೆ ಸ್ವಾಬ್ ಆಗದು, ಅದು ಇಬಿ ಮಗುವಿನ ತಂದೆತಾಯಿಗೆ. ಅಡಿಕೆ ನಾಡಿನಲ್ಲಿ ಇದರ ಶತ್ರು ಕವಳ. ಅದರ ಕೆಂಪು ರಸದ ಪಾಲಿಫಿನಾಲ್ ಪಿಸಿಆರನ್ನೇ ಕಟ್ಟಿಹಾಕುತ್ತದೆ. ಮೂರು ಸಲ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜುವುದು. ಸ್ವಾಬಿನ ತುದಿ ಕೆಂಪಾಗಿದ್ದರೆ ಎಸೆದು ಇನ್ನೊಂದು. ರಕ್ತದ ಹನಿ ಹಾಕಿ ಒಣಗಿಸುವ ಕಾಗದ ಆಟಿಯ ಮಳೆಯಲ್ಲಿ ಮೂರು ಗಂಟೆಯಲ್ಲಿ ಒಣಗುತ್ತದೆ ಎಂಬ ನಂಬಿಕೆ ಬಿಡಬೇಕು. ರಾತ್ರಿಯಿಡೀ ಹರವಿ, ಆಮೇಲೆ ಸಿಲಿಕಾ ಜೆಲ್ ಜತೆ ಜಿಪ್ ಚೀಲಕ್ಕೆ. ಬಿಸಿಲಿಗೆ, ಒಲೆಯ ಅಟ್ಟಕ್ಕೆ ಬೇಡ.

ಫಲಿತಾಂಶ ಓದುವಾಗಲೂ ಎಚ್ಚರ. ಕಾರ್ಬಮಜೆಪಿನ್‌ಗೆ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪದ ನಂಟನ್ನು ತೈವಾನಿನವರು 2004ರಲ್ಲಿ ತೋರಿಸಿದರು, ಅಲೋಪುರಿನಾಲ್‌ಗೆ ಬಿ*58:01 ನಂಟನ್ನು 2005ರಲ್ಲಿ. ಕುಷ್ಠಕ್ಕೆ ಕೊಡುವ ಡ್ಯಾಪ್ಸೋನ್‌ಗೆ ಬಿ*13:01. ನೆಗೆಟಿವ್ ಬಂದರೆ "ಮದ್ದು ಸುರಕ್ಷಿತ" ಎಂದು ಬರೆಯುವಂತಿಲ್ಲ. ಆ ಜೀನ್ ರೂಪ ಇಲ್ಲದವರಿಗೂ ಆಗುತ್ತದೆ.

ಇಬಿ ಬಯಾಪ್ಸಿ, ವಂಶವೃಕ್ಷ

ಹಳೆಯ ಗುಳ್ಳೆಯಿಂದ ತೆಗೆದರೆ ಅಡಿಯಲ್ಲಿ ಹೊಸ ಚರ್ಮ ಬೆಳೆದು, ಸೀಳಿದ ಪದರವೇ ತಪ್ಪಾಗಿ ಕಾಣುತ್ತದೆ. ಪೆನ್ಸಿಲ್ ರಬ್ಬರನ್ನು ಚರ್ಮದ ಮೇಲೆ ತಿರುಚಿ, ಸ್ವಲ್ಪ ಕಾದು, ಆ ಅಂಚಿನಿಂದ 4 ಮಿ.ಮೀ. ಪಂಚ್. ಅಂಗೈ, ಅಂಗಾಲು ಬೇಡ. ಚರ್ಮದ ತುಂಡನ್ನು ಕೆಡದಂತೆ ಇಡುವ ಮಿಶೆಲ್ ದ್ರಾವಣಕ್ಕೆ ಹಾಕುವುದು, ಫಾರ್ಮಲಿನ್‌ಗೆ ಅಲ್ಲ. ಚರ್ಮದ ಎರಡು ಪದರ ಸೇರುವಲ್ಲಿರುವ ಟೈಪ್ 4 ಕೊಲಾಜನ್ ಪ್ರೋಟೀನ್ ಗುಳ್ಳೆಯ ನೆಲದಲ್ಲಿ ಕಂಡರೆ ಇಬಿಯ ಸಿಂಪ್ಲೆಕ್ಸ್ ಅಥವಾ ಜಂಕ್ಷನಲ್ ಬಗೆ. ಮಾಡಿನಲ್ಲಿ ಕಂಡರೆ ಡಿಸ್ಟ್ರೋಫಿಕ್, ಅಂದರೆ ಸಿಒಎಲ್7ಎ1 ಜೀನ್ ಕಡೆ ನೋಡಬೇಕು. ಬಯಾಪ್ಸಿ ಗಾಯಕ್ಕೆ ಅಂಟುಪಟ್ಟಿ ಹಾಕಿದರೆ ತೆಗೆಯುವಾಗ ಚರ್ಮವೂ ಬರುತ್ತದೆ; ಪ್ಯಾರಾಫಿನ್ ಗಾಜ್ ಇಟ್ಟು ಮೇಲೆ ಸುತ್ತುಪಟ್ಟಿ.

ವಂಶವೃಕ್ಷದಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯವರು ತಾಯಿಯ ಕಡೆ ನಾಲ್ಕು ತಲೆಮಾರು ಸರಾಗ ಹೇಳುತ್ತಾರೆ, ತಂದೆಯ ಕಡೆ ಎರಡಕ್ಕೇ ನಿಲ್ಲುತ್ತದೆ. ತಾಯಿಯಿಂದ ಗಂಡುಮಕ್ಕಳಿಗೆ ಬರುವ ಎಕ್ಸ್-ಲಿಂಕ್ಡ್ ಇಕ್ತಿಯೋಸಿಸ್‌ಗೆ ಅದು ಸಾಕು. ತಂದೆ, ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುವ ರಿಸೆಸಿವ್ ಇಬಿಗೆ ಸಾಲದು. ತಂದೆಯ ಮನೆಗೂ ಹೋಗಬೇಕು, ಒಳಗೊಳಗೇ ಮದುವೆ ಆಗಿದ್ದರೆ ಜೋಡಿಗೆರೆ ಎಳೆಯಬೇಕು, ಎಳವೆಯಲ್ಲಿ ತೀರಿಹೋದ ಮಕ್ಕಳನ್ನೂ ಬಿಡದೆ ಗುರುತಿಸಬೇಕು. ಎಕ್ಸ್-ಲಿಂಕ್ಡ್‌ನಲ್ಲಿ ಹೆಚ್ಚಿನವರಿಗೆ ಎಸ್‌ಟಿಎಸ್ ಜೀನ್ ಪೂರ್ತಿ ಮಾಯವಾಗಿರುತ್ತದೆ. ಬರೀ ಸೀಕ್ವೆನ್ಸಿಂಗ್ ಅದನ್ನು ತಪ್ಪಿಸೀತು. ಡಿಲೀಷನ್ ಪರೀಕ್ಷೆ ಎಂದು ಅರ್ಜಿಯಲ್ಲೇ ಬರೆಯಬೇಕು.

ಬಾಕಿ

ರೋಗಿಯ ಕಾರ್ಡಿನ ಕರಡು ಆಗಿದೆ: ಜೆನೆರಿಕ್ ಹೆಸರು ಮೂರು ಲಿಪಿಯಲ್ಲಿ, ಕೆಳಗೆ ಅದೇ ಗುಂಪಿನವು. ಕಾರ್ಬಮಜೆಪಿನ್ ಆಗದವರ ಕಾರ್ಡಿನಲ್ಲಿ ಫೆನಿಟೊಯಿನ್, ಫೀನೊಬಾರ್ಬಿಟೋನ್, ಆಕ್ಸ್‌ಕಾರ್ಬಜೆಪಿನ್ ಕೂಡ ಬೇಡ ಎಂದಿರಬೇಕು. "ಅಲರ್ಜಿ ಇದೆ" ಎಂದಷ್ಟೇ ಬರೆದ ಕಾರ್ಡು ಅಂಗಡಿಯವನಿಗೂ ಡಾಕ್ಟರಿಗೂ ಉಪಯೋಗಕ್ಕಿಲ್ಲ. ಕಾಲರೇಖೆ ತುಂಬಿದ ಪ್ರಕರಣಗಳನ್ನು ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ನಮೂನೆಗೆ ಇಳಿಸುವ ಕೆಲಸ ಇನ್ನು ಶುರುವಾಗಬೇಕು. ಅದಕ್ಕೆ ಬ್ಯಾಚ್ ಸಂಖ್ಯೆ ಇದ್ದರೆ ಒಳ್ಳೆಯದು. ಹಾಗಾಗಿ ಕತ್ತರಿಸಿದ ಸ್ಟ್ರಿಪ್ ಕೊಡುವಾಗ ಉಳಿದರ್ಧದ ಬ್ಯಾಚ್ ಸಂಖ್ಯೆಯನ್ನು ಚೀಟಿಯ ಹಿಂದೆ ಗೀಚಿಕೊಡಿ ಎಂದು ಮೆಡಿಕಲ್ ಅಂಗಡಿಗಳಿಗೆ ಹೇಳುತ್ತಿದ್ದೇವೆ.