38 ಮಿ.ಮೀ. ಬಾಗಿಲು ಆರಿಸಿಕೊಟ್ಟ ಗರಗಸ

ಮೊದಲ ಭಾನುವಾರ

ಈ ಸಲ ಮನೆ ಕೆಲಸಕ್ಕೆ ಒಂದು ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡ್ ತಿರುಗುವ ಕರೆಂಟಿನ ಗರಗಸ, ಕೊಳ್ಳಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ. ಪ್ಲೈವುಡ್ ಹಾಳೆ 8 ಅಡಿ ಉದ್ದ. ಅದನ್ನು ಕೈಗರಗಸದಲ್ಲಿ ನೇರವಾಗಿ ಕೊಯ್ಯೋದು ನನ್ನಿಂದ ಆಗುತ್ತಿಲ್ಲ.

ಅಂಗಡಿಗೆ ಹೋಗುವ ಮೊದಲು ಏನೇನು ಕೊಯ್ಯಬೇಕು ಅಂತ ಬರೆದುಕೊಂಡೆ. ಪುಸ್ತಕದ ಶೆಲ್ಫಿಗೆ 18 ಮಿ.ಮೀ. ಪ್ಲೈ. ಅಟ್ಟದ ಬಾಗಿಲುಗಳಿಗೆ 12 ಮಿ.ಮೀ. ಇನ್ನೊಂದು, ಅಮ್ಮನ ರೂಮಿನ ಹಳೆಯ ಹೊನ್ನೆ ಬಾಗಿಲು. ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸಿದಾಗಿನಿಂದ ಅದು ಕೂರುತ್ತಿಲ್ಲ. ಕಳಚಿ ಗೋಡೆಗೆ ಒರಗಿಸಿದ್ದೇವೆ, ಬಾಗಿಲ ಜಾಗದಲ್ಲಿ ಪರದೆ ಇದೆ. ಕೆಳಗಡೆ 20 ಮಿ.ಮೀ. ತೆಗೆಯಬೇಕು. ಟೇಪ್ ಹಿಡಿದು ನೋಡಿದರೆ ಬಾಗಿಲ ದಪ್ಪ 38 ಮಿ.ಮೀ.

ವಾರದ ನಡುವೆ

ನಮ್ಮ ಕಡೆ ಹೆಚ್ಚಿನ ಕಾರ್ಪೆಂಟರ್‌ಗಳ ಕೈಲಿರೋದು 4 ಇಂಚಿನ ಮಾರ್ಬಲ್ ಕಟರ್. ಅದಕ್ಕೇ ಮರದ ಬ್ಲೇಡ್ ಹಾಕಿಕೊಂಡು ಕೊಯ್ಯುತ್ತಾರೆ. ಅಗ್ಗ, ಹಗುರ, ಎಲ್ಲ ಕಡೆ ಸಿಗುತ್ತದೆ. ನನಗೂ ಅದೇ ಸಾಕು ಅನ್ನಿಸಿತ್ತು. ಬೀದಿ ಕೊನೆಯ ಆಚಾರ್ರನ್ನು ಕೇಳಿದಾಗ ಅವರು ಎಡಗೈ ಹೆಬ್ಬೆರಳು ಮುಂದೆ ಹಿಡಿದರು. ಉಗುರು ಅರ್ಧಕ್ಕೇ ನಿಂತಿದೆ.

“ನಮಗೆ ಕೈ ಪಳಗಿದೆ ಸಾರ್, ಆದ್ರೂ ಹೀಗಾಯ್ತು. ನೀವು ಗಾರ್ಡ್ ಇರೋದನ್ನೇ ತಗೊಳ್ಳಿ.”

ಮಾರ್ಬಲ್ ಕಟರ್ ಕಲ್ಲಿಗೆ ಅಂತ ಮಾಡಿದ್ದು. ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ, ಕೆಳಗಡೆ ಬ್ಲೇಡಿಗೆ ಮುಚ್ಚಳವೇ ಇಲ್ಲ. ಕಲ್ಲಿನ ಬ್ಲೇಡಿಗೆ ಹಲ್ಲಿಲ್ಲ, ಮರದ್ದಕ್ಕೆ ಇದೆ. ಮರ ಬ್ಲೇಡನ್ನು ಕಚ್ಚಿಕೊಂಡರೆ ಮಿಷನ್ ಹಿಂದಕ್ಕೆ, ನಮ್ಮ ಕಡೆಗೇ ಚಿಮ್ಮುತ್ತದೆ. ಸರ್ಕ್ಯುಲರ್ ಸಾದಲ್ಲಿ ಕೆಳಗಿನ ಗಾರ್ಡ್ ಸ್ಪ್ರಿಂಗ್ ಮೇಲೆ ಇರುತ್ತದೆ. ಮರಕ್ಕೆ ತಾಗಿದಾಗ ಸರಿಯುತ್ತದೆ, ಮರ ಮುಗಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ವರ್ಷಕ್ಕೆ ಹತ್ತು ಸಲ ಮಿಷನ್ ಹಿಡಿಯುವ ನನ್ನಂಥವರಿಗೆ ಇದು ಬೇಕೇ ಬೇಕು, ಅಲ್ವಾ?

ನ್ಯೂಜೆರ್ಸಿಯಲ್ಲಿರುವ ಅಕ್ಕ “ಇಲ್ಲಿಂದ ಪುಟ್ಟದೊಂದು ತರ್ತೀನಿ ಕಣೋ” ಅಂದಳು. ಬೇಡ ಅಂದೆ. ಅಲ್ಲಿನದು 120 ವೋಲ್ಟ್, ನಮ್ಮದು 230. ಬ್ಯಾಟರಿಯದ್ದೂ ಬೇಡ ಅನ್ನಿಸಿತು. ತಿಂಗಳುಗಟ್ಟಲೆ ಸುಮ್ನೆ ಇರುವ ಮಿಷನ್‌ಗೆ ವೈರೇ ಒಳ್ಳೆಯದು.

ಶನಿವಾರ, ಎಸ್.ಜೆ.ಪಿ. ರಸ್ತೆ

ಮೆಟ್ರೋದಲ್ಲಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ಹಾರ್ಡ್‌ವೇರ್ ಅಂಗಡಿಗಳಿರುವ ಈ ರಸ್ತೆಗೆ ನಡೆದೆ. ಮೂರು ಅಳತೆಯವನ್ನು ಕೈಯಲ್ಲಿ ಹಿಡಿದು ನೋಡಿದೆ.

ತುಂಬ ಪುಟ್ಟದಕ್ಕೆ 85 ಮಿ.ಮೀ. ಬ್ಲೇಡ್. ಒಂದೇ ಕೈಲಿ ಹಿಡಿಯಬಹುದು, ಆಸೆಯಾಯಿತು. ಆದರೆ 28 ಮಿ.ಮೀ. ಆಳಕ್ಕಿಂತ ಕೆಳಗೆ ಹೋಗೋದಿಲ್ಲ. ಪ್ಲೈಗೆ ಸಾಕು, ಬಾಗಿಲಿಗೆ ಸಾಲದು. 7 ಇಂಚಿನದು 65 ಮಿ.ಮೀ.ವರೆಗೂ ಕೊಯ್ಯುತ್ತದೆ, ತೂಕ 4 ಕೆ.ಜಿ. ಹತ್ತಿರ. ನನಗೆ ಅಷ್ಟು ಬೇಡ. ನಡುವಿನದು ಆರೂವರೆ ಇಂಚು, ಅಂದರೆ 165 ಮಿ.ಮೀ. ಬ್ಲೇಡ್. ಆಳ 55 ಮಿ.ಮೀ. ಆಸುಪಾಸು, 1050 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ 5 ಆಂಪ್ ಒಳಗೇ ಆಯಿತು, ಮನೆಯ 6 ಆಂಪ್ ಸಾಕೆಟ್ ತಡೆದುಕೊಳ್ಳುತ್ತದೆ. ಇದನ್ನೇ ಆರಿಸಿದೆ.

ಮೂಲೆಮಟ್ಟ ಜೇಬಲ್ಲೇ ಇಟ್ಟುಕೊಂಡು ಹೋಗಿದ್ದು ಒಳ್ಳೆಯದಾಯಿತು. ಮೊದಲು ತೆಗೆದುಕೊಟ್ಟ ಮಿಷನ್‌ನಲ್ಲಿ ಬೇಸ್ ಪ್ಲೇಟು, ಅಂದರೆ ಮರದ ಮೇಲೆ ಕೂರುವ ತಟ್ಟೆ, ಸೊಟ್ಟಗಿತ್ತು. ಬ್ಲೇಡಿಗೂ ಪ್ಲೇಟಿಗೂ ನಡುವೆ ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು. ಹೀಗಿದ್ದರೆ ಎಷ್ಟೇ ಹುಷಾರಾಗಿ ಹಿಡಿದರೂ ಬ್ಲೇಡ್ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಸರಿಯಿತ್ತು. ಜೊತೆಗೆ ಬಂದ 24 ಹಲ್ಲಿನ ಬ್ಲೇಡ್ ಉದ್ದುದ್ದ ಸೀಳಲು ಸರಿ, ಪ್ಲೈಗೆ ಒರಟು. ಅದಕ್ಕೆ 40 ಹಲ್ಲಿನದೊಂದು ತಗೊಂಡೆ. ಬ್ಲೇಡ್ ಕೊಳ್ಳುವಾಗ ನಡುವಿನ ತೂತಿನ ಅಳತೆಯನ್ನೂ ನೋಡಿಕೊಳ್ಳಿ. ಎಲ್ಲ ಮಿಷನ್‌ಗಳದ್ದೂ ಒಂದೇ ಇರೋದಿಲ್ಲ.

ಭಾನುವಾರ, ತಾರಸಿ ಮೇಲೆ

ಮಿಷನ್ ಹಿಡಿದು ಮೊದಲು ಮಾಡಿದ್ದು ನೇರವಾಗಿ ಕೊಯ್ಯಲು ಒಂದು ಗೈಡ್ ಹಲಗೆ. 6 ಮಿ.ಮೀ. ಪ್ಲೈ ಪಟ್ಟಿಯ ಮೇಲೆ 12 ಮಿ.ಮೀ.ಯ ಇನ್ನೊಂದು ನೇರ ಪಟ್ಟಿ ಅಂಟಿಸಿ ಒಣಗಲು ಬಿಟ್ಟೆ. ಆಮೇಲೆ ಬೇಸ್ ಪ್ಲೇಟನ್ನು ಮೇಲಿನ ಪಟ್ಟಿಗೆ ಒತ್ತಿ ಹಿಡಿದು ಒಂದು ಸಲ ಓಡಿಸಿದರೆ ಆಯಿತು. ಕೆಳಗಿನ ಪ್ಲೈನ ಜಾಸ್ತಿ ಭಾಗ ಉದುರಿ, ಅದರ ಅಂಚು ಸರಿಯಾಗಿ ಬ್ಲೇಡ್ ಹಾಯುವ ಜಾಗಕ್ಕೇ ನಿಲ್ಲುತ್ತದೆ. ಇನ್ನು ಪೆನ್ಸಿಲ್ ಗೆರೆಗೆ ಆ ಅಂಚನ್ನು ಕೂರಿಸಿ, ಎರಡೂ ತುದಿಗೆ ಕ್ಲ್ಯಾಂಪ್ ಹಾಕಿದರೆ ಸಾಕು. ಬ್ಲೇಡಿಗೂ ಬೇಸ್ ಪ್ಲೇಟಿನ ಅಂಚಿಗೂ ಇರುವ ದೂರವನ್ನು ಪ್ರತಿ ಸಲ ಕಳೆದು ಕೂಡುವ ಲೆಕ್ಕ ಬೇಡ.

18 ಮಿ.ಮೀ. ಹಾಳೆ 30 ಕೆ.ಜಿ. ಮೇಲೆ ತೂಗುತ್ತದೆ. ಅದನ್ನು ಟೇಬಲ್ ಮೇಲೆ ಎತ್ತದೆ ತಾರಸಿಯಲ್ಲೇ ದಪ್ಪ ಥರ್ಮಾಕೋಲ್ ಹಾಸಿ ಮಲಗಿಸಿದೆ. ಬ್ಲೇಡ್ ಹಲಗೆ ದಾಟಿ 3 ಮಿ.ಮೀ. ಮಾತ್ರ ಕೆಳಗಿಳಿಯುವ ಹಾಗೆ ಆಳ ಇಟ್ಟೆ. ಎರಡೂ ತುಂಡಿಗೆ ಕೆಳಗಿನಿಂದ ಆಸರೆ ಇರುವುದರಿಂದ ಬ್ಲೇಡನ್ನು ಕಚ್ಚುವುದಿಲ್ಲ. ಈ ಮಿಷನ್‌ನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ, ಸಿಬಿರು ಏಳೋದು ಮೇಲುಗಡೆ. ಹಾಗಾಗಿ ಚೆಂದದ ಮುಖ ಕೆಳಗೆ. ಮಾಸ್ಕ್, ಕನ್ನಡಕ ಎರಡೂ ಹಾಕಿದ್ದೆ. ಕೈಗವಸು ಮಾತ್ರ ಇಲ್ಲ, ತಿರುಗುವ ಬ್ಲೇಡಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ವೈರನ್ನು ಸುತ್ತಿಟ್ಟರೆ ಬಿಸಿಯಾಗುತ್ತದೆ ಅಂತ ಪೂರ್ತಿ ಬಿಡಿಸಿ ಹಾಸಿದ್ದೆ.

8 ಅಡಿಯ ಕೊಯ್ತ ಮುಗಿದ ಮೇಲೆ ಅಂಚಿನ ಮೇಲೆ ಬೆರಳಾಡಿಸಿದೆ. ಎಲ್ಲೂ ತರಚಲಿಲ್ಲ. ತುಂಬ ಖುಷಿಯಾಯಿತು.

ಮುಂದಿನ ಭಾನುವಾರ, ಬಾಗಿಲು

ಹಳೆಯ ಮರದಲ್ಲಿ ಮೊಳೆ ಇದ್ದೇ ಇರುತ್ತದೆ, ಆಯಸ್ಕಾಂತ ಓಡಿಸಿ ನೋಡಿ ಅಂತ ಆಚಾರ್ರು ಹೇಳಿದ್ದರು. ದಾರಕ್ಕೆ ಕಟ್ಟಿ ಕೆಳಗಿನ ಅಂಚಿನುದ್ದಕ್ಕೂ ಎಳೆದೆ. ಒಂದು ಕಡೆ ಟಕ್ ಅಂತ ಕಚ್ಚಿತು. ಬಣ್ಣ ಕೆರೆದಾಗ ತಲೆಯಿಲ್ಲದ ತುಕ್ಕು ಮೊಳೆ. ಸುತ್ತ ಸ್ವಲ್ಪ ಉಳಿಯಲ್ಲಿ ಕೆತ್ತಿ ಇಕ್ಕಳದಲ್ಲಿ ಎಳೆದು ತೆಗೆದೆ.

ಗೆರೆಯ ಮೇಲೆ ಚಾಕುವಿನಿಂದ ಗೀರಿದೆ. ಬ್ಲೇಡ್ ಹೊರಬರುವ ತುದಿಗೆ ಒಂದು ಮರದ ತುಂಡು ಬಿಗಿದೆ, ಇಲ್ಲದಿದ್ದರೆ ಕೊನೆಯಲ್ಲಿ ಮೂಲೆ ಸೀಳುತ್ತದೆ. ಬಾಗಿಲು 38, ಗೈಡ್ ಹಲಗೆ 6, ಕೆಳಗೆ 3. ಒಟ್ಟು 47 ಮಿ.ಮೀ. ಆಳ. ಹೊನ್ನೆ ಗಟ್ಟಿ ಮರ, ದೂಡಲು ಹೋಗಲಿಲ್ಲ. ಮಿಷನ್ ಸದ್ದು ಇಳಿದಾಗ ನಿಧಾನ ಮಾಡಿದೆ, ಏರಿದಾಗ ಮುಂದೆ ಹೋದೆ.

ಸಂಜೆಗೆ ಬಾಗಿಲು ಕೂರಿಸಿದೆವು. ಟೈಲ್ಸಿಗೂ ಅದಕ್ಕೂ ನಡುವೆ 5 ಮಿ.ಮೀ. ಸಂದು, ಈ ಮೂಲೆಯಿಂದ ಆ ಮೂಲೆಗೆ ಒಂದೇ ಸಮ. ಅಮ್ಮ ಪರದೆ ಬಿಚ್ಚಿ ಒಗೆಯಲು ಹಾಕಿದರು.