ವ್ಯಾಯಾಮದ ನಂತರದ ಮೈಕೈ ನೋವು: ನಿಲ್ಲಿಸಬೇಕೇ, ಮುಂದುವರಿಸಬೇಕೇ?

ಹೊಸದಾಗಿ ವ್ಯಾಯಾಮ ಆರಂಭಿಸಿದವರು ಮೂರನೆಯ ದಿನಕ್ಕೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮಾಡಿದ ದಿನ ಏನೂ ಅನ್ನಿಸಲಿಲ್ಲ, ಈಗ ನೋಡಿದರೆ ಮೆಟ್ಟಿಲು ಇಳಿಯುವುದಕ್ಕೂ ಆಗುತ್ತಿಲ್ಲ. ಇದನ್ನು ನಿಲ್ಲಿಸಿಬಿಡಲೇ?" ನಿಲ್ಲಿಸಬೇಡಿ, ಆದರೆ ಮೊನ್ನೆ ಮಾಡಿದಷ್ಟನ್ನೇ ಇಂದು ಮತ್ತೆ ಮಾಡಲೂ ಹೋಗಬೇಡಿ ಎಂಬುದು ಬಹುಪಾಲು ಜನರಿಗೆ ನಾನು ಕೊಡುವ ಉತ್ತರ. ಇದರ ಹಿಂದಿನ ಕಾರಣ ಗೊತ್ತಿಲ್ಲದೆ ಎಷ್ಟೋ ಜನ ಮೊದಲ ವಾರದಲ್ಲೇ ವ್ಯಾಯಾಮವನ್ನು ಕೈಬಿಡುವುದನ್ನು ಕಂಡು ಬೇಸರವಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ನೋವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಈ ವಿವರಣೆ ಕಾಲದ ಲೆಕ್ಕಕ್ಕೇ ಹೊಂದುವುದಿಲ್ಲ. ಬಿರುಸಾಗಿ ಓಡಿದಾಗ ಹೆಚ್ಚುವ ಲ್ಯಾಕ್ಟೇಟ್ (ದೇಹದಲ್ಲಿ ಈ ಆಮ್ಲ ಇರುವ ರೂಪ) ಅಂಶವು ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಈ ನೋವಾದರೋ ಹಲವು ಗಂಟೆಗಳ ನಂತರ ಮೆಲ್ಲಗೆ ಆರಂಭವಾಗಿ, 24ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಾಗಿ, ಸಾಮಾನ್ಯವಾಗಿ ಐದರಿಂದ ಏಳು ದಿನಗಳಲ್ಲಿ ಮರೆಯಾಗುತ್ತದೆ. ಇದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಿಂದ ದೊರೆಯಿತು. ಸಮತಟ್ಟಾದ ಹಾದಿಯಲ್ಲಿ ಓಡಿದವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಗಣನೀಯವಾಗಿ ಏರಿದರೂ ಮರುದಿನ ಅವರಿಗೆ ಹೇಳಿಕೊಳ್ಳುವಂಥ ನೋವಿರಲಿಲ್ಲ. ಇಳಿಜಾರಿನಲ್ಲಿ ಓಡಿದವರಲ್ಲಿ ಆಮ್ಲ ಏರಲೇ ಇಲ್ಲ, ಆದರೆ ಕಾಲು ನೋವು ಕಾಣಿಸಿಕೊಂಡದ್ದು ಅವರಿಗೇ.

ಇಳಿಯುವ ಕೆಲಸದಲ್ಲಿ ಅಂಥದ್ದೇನಿದೆ? ಭಾರವನ್ನು ಎತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡಿದರೆ, ಅದೇ ಭಾರವನ್ನು ನಿಧಾನವಾಗಿ ಇಳಿಸುವಾಗ ಬಿಗಿ ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಬಸ್ಕಿ ಹೊಡೆಯುವಾಗ ಕೆಳಗೆ ಕೂರುವ ಹೊತ್ತಿನಲ್ಲಿ ತೊಡೆಯ ಮುಂಭಾಗ, ಡಂಬೆಲ್ ಇಳಿಸುವಾಗ ತೋಳಿನ ಮುಂಭಾಗ ಮಾಡುವುದು ಈ ಕೆಲಸವನ್ನೇ. ಬಿಗಿತವೂ ಎಳೆತವೂ ಒಟ್ಟಿಗೆ ಬಿದ್ದಾಗ ಸ್ನಾಯುವಿನ ಎಳೆಗಳಲ್ಲಿ, ಅವುಗಳನ್ನು ಸುತ್ತಿರುವ ಪೊರೆಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣ ಹಾನಿಗಳಾಗುತ್ತವೆ. ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡರ್ ಹಫ್ ಎಂಬವರು ಬೆರಳಿನ ಸ್ನಾಯುಗಳನ್ನು ಪರೀಕ್ಷಿಸಿ, ತಡವಾಗಿ ಬರುವ ನೋವಿಗೆ ಸ್ನಾಯುವಿನೊಳಗಿನ ಸೀಳುಗಳೇ ಕಾರಣವಿರಬೇಕೆಂದು 1902ರಲ್ಲಿಯೇ ಊಹಿಸಿದ್ದರು. ಹಾನಿಯಾದ ಕ್ಷಣದಲ್ಲಿ ನಮಗೆ ಅದರ ಅರಿವಾಗುವುದಿಲ್ಲ. ಆನಂತರ ದೇಹ ದುರಸ್ತಿಗೆ ತೊಡಗಿದಾಗ ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳು ನರತುದಿಗಳನ್ನು ಸೂಕ್ಷ್ಮಗೊಳಿಸುತ್ತವೆ. ಆದ್ದರಿಂದಲೇ ಸುಮ್ಮನೆ ಕುಳಿತಾಗ ಅಷ್ಟಾಗಿ ಕಾಡದ ನೋವು, ಒತ್ತಿದಾಗ ಅಥವಾ ಕುರ್ಚಿಯಿಂದ ಏಳುವಾಗ ಜೋರಾಗುತ್ತದೆ.

ಇನ್ನು ಶಮನದ ವಿಚಾರ. ನೋವನ್ನು ಒಂದೇ ದಿನದಲ್ಲಿ ಅಳಿಸಿಹಾಕುವ ಉಪಾಯ ಯಾವುದೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಯಾಮಕ್ಕೆ ಮುಂಚೆ ಅಥವಾ ನಂತರ ಮೈ ಎಳೆಯುವುದರಿಂದ ನೋವು ತಪ್ಪುತ್ತದೆಂಬ ನಂಬಿಕೆ ಬಲವಾಗಿದ್ದರೂ, ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2011ರ ವಿಮರ್ಶೆಯಲ್ಲಿ ಅದರ ಪರಿಣಾಮ ತೀರ ಅತ್ಯಲ್ಪವೆಂದು ಕಂಡುಬಂತು. ಮಸಾಜ್‌ನಿಂದ ಸ್ವಲ್ಪಮಟ್ಟಿನ ಉಪಶಮನ ಸಿಗುತ್ತದೆ. ತಣ್ಣೀರಿನಲ್ಲಿ ಮುಳುಗುವುದರಿಂದಲೂ ನೋವು ತುಸು ತಗ್ಗುತ್ತದೆ, ಆದರೆ ಸ್ನಾಯು ಬೆಳೆಸಲೆಂದೇ ಭಾರ ಎತ್ತುವವರು ಪ್ರತಿಬಾರಿಯೂ ಹೀಗೆ ಮಾಡಿದರೆ ಆ ಬೆಳವಣಿಗೆಯೇ ಕುಂಠಿತವಾಗಬಹುದು. ನೋವಿನ ಮಾತ್ರೆಗಳನ್ನು ಅಭ್ಯಾಸವಾಗಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೆವರಿ ನೀರಿನಂಶ ಕಳೆದುಕೊಂಡ ದೇಹದಲ್ಲಿ ಐಬುಪ್ರೊಫೆನ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ನಾನು ಎಲ್ಲರಿಗೂ ಹೇಳುವುದು ಹಗುರವಾದ ಚಲನೆಯನ್ನು: ಇಪ್ಪತ್ತು ನಿಮಿಷದ ನಡಿಗೆ, ಭಾರವಿಲ್ಲದೆ ಸೈಕಲ್ ತುಳಿಯುವುದು, ಇಲ್ಲವೇ ನೋಯದ ಭಾಗಗಳ ವ್ಯಾಯಾಮ. ಇದರ ಆರಾಮ ತಾತ್ಕಾಲಿಕವೇ ಆದರೂ ಬಿಗಿದುಕೊಂಡ ಕೈಕಾಲುಗಳು ಸಡಿಲಗೊಳ್ಳುತ್ತವೆ. ನೋವಿರುವಷ್ಟು ದಿನ ಸ್ನಾಯುವಿನ ಬಲವೂ ಕುಗ್ಗಿರುತ್ತದೆಯಾದ್ದರಿಂದ ಆ ಭಾಗಕ್ಕೆ ಭಾರವಾದ ಕೆಲಸ ಕೊಡದಿರುವುದು ಒಳಿತು.

ನಿಜವಾದ ಔಷಧವಿರುವುದು ಮುಂದಿನ ಸಲದ ವ್ಯಾಯಾಮದಲ್ಲಿ. ಒಮ್ಮೆ ಈ ಬಗೆಯ ಶ್ರಮಕ್ಕೆ ಒಡ್ಡಿಕೊಂಡ ಸ್ನಾಯು ಕೆಲವು ವಾರಗಳ ಕಾಲ ಅದೇ ಶ್ರಮದಿಂದ ಮೊದಲಿನಷ್ಟು ಹಾನಿಗೊಳ್ಳುವುದಿಲ್ಲ, ಮೊದಲಿನಷ್ಟು ನೋಯುವುದೂ ಇಲ್ಲ. ಇನ್ನೂ ಸಂತೋಷದ ವಿಷಯವೆಂದರೆ, ಈ ರಕ್ಷಣೆ ಪಡೆಯಲು ಮೊದಲ ದಿನ ನರಳಲೇಬೇಕೆಂದಿಲ್ಲ. ಹಗುರವಾಗಿ ಮಾಡಿದ ಕೆಲವೇ ಆವರ್ತನೆಗಳು ಸಹ ಒಂದಷ್ಟು ರಕ್ಷಣೆ ನೀಡುತ್ತವೆ. ಹಾಗಾಗಿ ಮೊದಲ ದಿನ ಐವತ್ತು ಬಸ್ಕಿ ಹೊಡೆಯಬಲ್ಲವರೂ ಹದಿನೈದಕ್ಕೆ ನಿಲ್ಲಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ಹೀಗೆ ಹೇಳಿದಾಗ, ನೋವಾಗದಿದ್ದರೆ ಫಲವೂ ಇಲ್ಲವಲ್ಲ ಎಂದು ಕೆಲವರು ಆತಂಕಪಡುತ್ತಾರೆ. ನೋವು ಸ್ನಾಯುವಿನ ಬೆಳವಣಿಗೆಯ ಅಳತೆಗೋಲಲ್ಲ. ವರ್ಷಗಟ್ಟಲೆ ಕ್ರಮವಾಗಿ ವ್ಯಾಯಾಮ ಮಾಡುವವರು ನೋವಿಲ್ಲದೆಯೇ ಬಲ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತಾರೆ.

ಆದರೆ ಎಲ್ಲ ನೋವನ್ನೂ ಈ ಗುಂಪಿಗೆ ಸೇರಿಸಬಾರದು. ವ್ಯಾಯಾಮದ ನಡುವೆಯೇ ಚುಳ್ಳೆಂದು ಹಿಡಿದ ನೋವು, ಒಂದೇ ಬಿಂದುವಿನಲ್ಲಿ ಅಥವಾ ಕೀಲಿನೊಳಗೆ ಕಾಡುವ ನೋವು, ವಾರ ಕಳೆದರೂ ತಗ್ಗದ ನೋವು ಗಾಯದ ಸೂಚನೆಯಾಗಿರಬಹುದಾದ್ದರಿಂದ ವೈದ್ಯರಿಗೆ ತೋರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಅತಿಯಾದ ವ್ಯಾಯಾಮದ ನಂತರ ಸ್ನಾಯುಗಳು ವಿಪರೀತ ಊದಿಕೊಂಡು, ತೀವ್ರ ನಿಶ್ಶಕ್ತಿಯಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ದೊಡ್ಡ ಪ್ರಮಾಣದಲ್ಲಿ ಒಡೆದು ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ ಒದಗಿದೆಯೆಂದೇ ಭಾವಿಸಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಹುಕಾಲ ಬಿಟ್ಟಿದ್ದ ವ್ಯಾಯಾಮವನ್ನು ಹಳೆಯ ಲೆಕ್ಕದಲ್ಲೇ ಒಮ್ಮೆಲೇ ಮತ್ತೆ ಆರಂಭಿಸುವವರು ಈ ಲಕ್ಷಣಗಳನ್ನು ವಿಶೇಷವಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.