ಹನ್ನೊಂದು ದಿನ ಬಾಳಿದ ಕ್ಯಾರೆಟ್ ಪರ್ಸು

ತರಕಾರಿ ಸಿಪ್ಪೆಯಿಂದ ನಾನೇ ಮಾಡಿದ ಮೊದಲ ಕ್ಯಾರೆಟ್ ಪರ್ಸು ಹನ್ನೊಂದು ದಿನ ಬಾಳಿತು. ಹನ್ನೆರಡನೇ ದಿನ ಮಳೆ ಬಂತು. ಬ್ಯಾಗಿನೊಳಗೇ ಇದ್ದರೂ ಸಂಜೆ ಹೊತ್ತಿಗೆ ಅಂಟಂಟಾಗಿ, ಒಳಗಿದ್ದ ಬಸ್ ಟಿಕೆಟ್ ಅದರ ಮೈಗೇ ಕಚ್ಚಿಕೊಂಡಿತ್ತು. ಆಮೇಲೆ ಮೂರು ದಿನಕ್ಕೆ ಮೂಲೆಯಲ್ಲಿ ಬೂದು ಬೂಷ್ಟು.

ಮಾಡುವ ರೀತಿಯೇನೋ ಸುಲಭ. ಕ್ಯಾರೆಟ್, ಬೀಟ್ರೂಟ್ ಸಿಪ್ಪೆಯನ್ನು ಬೇಯಿಸಿ, ಹಿಂಡಿ, ಮಿಕ್ಸಿಗೆ ಹಾಕಿ, ಅಗರ್ ಅಗರ್ (ಕಡಲ ಪಾಚಿಯಿಂದ ಬರುವ, ಜೆಲ್ಲಿ ಥರ ಗಟ್ಟಿಯಾಗುವ ಪುಡಿ) ಕರಗಿಸಿದ ಬಿಸಿನೀರಿಗೆ ಕಲಸಬೇಕು. ಸ್ವಲ್ಪ ಗ್ಲಿಸರಿನ್ ಬೆರೆಸಿ ತಟ್ಟೆ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು. ಗ್ಲಿಸರಿನ್ ಇಲ್ಲದಿದ್ದರೆ ಹಾಳೆ ಒಣಗಿದ ಎಲೆ ಥರ ಮುರಿಯುತ್ತದೆ. ನಾನು ಮೆತ್ತಗಿರಲಿ ಅಂತ ಜಾಸ್ತಿ ಸುರಿದಿದ್ದೆ. ಆದರೆ ಗ್ಲಿಸರಿನ್ ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ಮೆತ್ತಗಾಗಿಸಿದ್ದೂ ಅದೇ, ಕೊಳೆಸಿದ್ದೂ ಅದೇ.

ಇನ್ನೊಂದು ತಪ್ಪು ಮಿಕ್ಸಿಯದ್ದು. ನುಣ್ಣಗಾದಷ್ಟೂ ಚೆಂದ ಅಂದುಕೊಂಡಿದ್ದೆ. ನಾರೆಲ್ಲ ತುಂಡಾಗಿ, ಎಳೆದರೆ ಹಾಳೆ ಪಟ್ಟನೆ ಹರಿಯುತ್ತಿತ್ತು. ಈಗ ಮುಸುಕಿನ ಜೋಳದ ಸಿಪ್ಪೆಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ, ಕೈಯಲ್ಲೇ ಬಿಡಿಸಿ, ಉದ್ದ ನಾರು ಉಳಿಸಿಕೊಂಡು ಸೇರಿಸುತ್ತೇನೆ. ನೋಡೋಕೆ ಒರಟು. ಆದರೆ ಹೊಲಿಗೆ ಹಾಕಿದರೆ ಸೂಜಿಯ ತೂತು ಅಗಲವಾಗುವುದಿಲ್ಲ.

ಎರಡನೇ ಪರ್ಸಿಗೆ ಅಗರ್ ಬಿಟ್ಟು ಸೋಡಿಯಂ ಆಲ್ಜಿನೇಟ್ ಹಿಡಿದೆ. ಅದೂ ಕಡಲ ಪಾಚಿಯಿಂದಲೇ ಬರುವ ಪುಡಿ. ಹರಡಿದ ಹಿಟ್ಟಿನ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ಚಿಮುಕಿಸಿದರೆ ಕಣ್ಣೆದುರಿಗೇ ಕೆನೆ ಕಟ್ಟಿದ ಹಾಗೆ ಬಿಗಿಯುತ್ತದೆ. ಆಮೇಲೆ ನೀರಲ್ಲಿ ಅದ್ದಿದರೂ ಕರಗಲಿಲ್ಲ. ಗೆದ್ದೆ ಅಂತ ಅಕ್ಕನಿಗೆ ತೋರಿಸಿದೆ.

"ತೊಳೆಯೋಕಾಗುತ್ತೇನೇ ಇದನ್ನ?" ಅಂದಳು. ಸೋಪು ಹಾಕಿ ತೊಳೆದೆ. ಅಂಚೆಲ್ಲ ಲೋಳೆಯಾಯಿತು. ಸೋಪಿನ ಸೋಡಿಯಂ ಬಂದು ಕ್ಯಾಲ್ಸಿಯಂ ಜಾಗ ಹಿಡಿದರೆ, ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ ನೋಡಿ.

ಆಗಿನಿಂದ 'ತರಕಾರಿ ಲೆದರ್', 'ಹಣ್ಣಿನ ಲೆದರ್' ಅಂತ ಕಂಡರೆ ಮೇಲೆ ಬಳಿದಿರುವುದು ಏನು ಅಂತ ಮೊದಲು ಹುಡುಕುತ್ತೇನೆ. ಬಹಳಷ್ಟರಲ್ಲಿ ಪಾಲಿಯುರೆಥೇನ್, ಅಂದರೆ ಪ್ಲಾಸ್ಟಿಕ್ಕೇ. ಪಿನ್ಯಾಟೆಕ್ಸ್ ಅನ್ನೋ ಲೆದರ್‌ನಲ್ಲೂ ಅನಾನಸ್ ಎಲೆಯ ನಾರಿನ ಜೊತೆ ಪಿಎಲ್‌ಎ ಅನ್ನೋ ಸಸ್ಯಮೂಲದ ಪ್ಲಾಸ್ಟಿಕ್ ಇರುತ್ತದೆ, ಮೇಲೆ ಲೇಪವೂ ಇರುತ್ತದೆ. ಮೋಸ ಅಂತ ನಾನು ಅನ್ನುವುದಿಲ್ಲ. ಮಳೆಗೆ ಪರ್ಸು ಕಳೆದುಕೊಂಡವಳಿಗೆ ಆ ಲೇಪ ಯಾಕೆ ಅಂತ ಗೊತ್ತು. ಆದರೆ ಲೇಪ ಹಚ್ಚಿದ ಮೇಲೆ ಅದು ಗೊಬ್ಬರದ ಗುಂಡಿಗೆ ಹೋಗುವ ವಸ್ತುವಲ್ಲ, ಅಷ್ಟು ಹೇಳಬೇಕಲ್ವಾ? ಇಟಲಿಯ ಆರೆಂಜ್ ಫೈಬರ್ ಕಂಪನಿಯ ದಾರಿ ಬೇರೆ. ಅವರು ರಸ ಹಿಂಡಿ ಉಳಿದ ಕಿತ್ತಳೆಯಿಂದ ಸೆಲ್ಯುಲೋಸ್ ತೆಗೆದು ನೂಲಿಗೆ ಬಳಸುತ್ತಾರೆ. 2017ರಲ್ಲಿ ಇಟಲಿಯದ್ದೇ ಫ್ಯಾಷನ್ ಕಂಪನಿ ಫೆರಗಾಮೊ ಆ ಬಟ್ಟೆಯಲ್ಲಿ ಉಡುಪು ತಂದಿತ್ತು. ಅದು ಮಿಕ್ಸಿಯಲ್ಲಾಗುವ ಕೆಲಸ ಅಲ್ಲ ಬಿಡಿ.

ನನ್ನ ಕೈಯಲ್ಲಿ ಚೆನ್ನಾಗಿ ಬಂದದ್ದು ಈರುಳ್ಳಿ ಸಿಪ್ಪೆಯ ಬಣ್ಣ. 100 ಗ್ರಾಂ ಹತ್ತಿ ಬಟ್ಟೆಗೆ 100 ಗ್ರಾಂ ಒಣ ಸಿಪ್ಪೆ ಬೇಕು. ಅಷ್ಟು ಸೇರಿಸೋಕೆ ವಾರಗಳೇ ಹಿಡಿದವು, ಸಿಪ್ಪೆಗೆ ತೂಕವೇ ಇಲ್ಲ! ಹತ್ತಿ ಸುಮ್ನೆ ಬಣ್ಣ ಹಿಡಿಯುವುದಿಲ್ಲ. ಮೊದಲು ದಾಳಿಂಬೆ ಸಿಪ್ಪೆಯ ಒಗರು ನೀರಲ್ಲಿ ನೆನೆಸಿ, ಆಮೇಲೆ 15 ಗ್ರಾಂ ಪಟಿಕದ ನೀರಲ್ಲಿಟ್ಟು, ಕೊನೆಗೆ ಸಿಪ್ಪೆ ಕುದಿಸಿದ ನೀರಿಗೆ ಹಾಕಿದೆ. ಒಂದು ಗಂಟೆಯಲ್ಲಿ ಜೇನಿನ ಬಣ್ಣ. ವಿನೆಗರ್‌ನಲ್ಲಿ ತುಕ್ಕು ಮೊಳೆ ನೆನೆಸಿಟ್ಟ ನೀರನ್ನು ಒಂದು ಚಮಚ ಹಾಕಿದ್ದೇ ತಡ, ಜೇನು ಹೋಗಿ ಮಾಸಲು ಹಸಿರು ಬಂತು.

ಮೂರನೇ ಪರ್ಸಿನ ಹಾಳೆ ಈಗ ಒಣಗುತ್ತಿದೆ. ಅಂಚು ಸುರುಟದ ಹಾಗೆ ಮೇಲೆ ಎರಡು ದಪ್ಪ ಡಿಕ್ಷನರಿ ಹೇರಿದ್ದೇನೆ. ಒಳಗಿನ ಅಸ್ತರಿಗೆ ಆ ಹಸಿರು ಬಟ್ಟೆಯನ್ನೇ ಹಾಕುತ್ತೇನೆ, ಹೊಲಿಗೆ ಮಾತ್ರ ಸಡಿಲ. ಹಾಳೆ ಹಾಳಾದ ದಿನ ಬಟ್ಟೆ ಬಿಚ್ಚಿ ಮುಂದಿನದಕ್ಕೆ ಹಾಕಬೇಕಲ್ಲ.